ಬೈಕಿಗೆ ಆಯಿಲ್ ಕೂಲರ್: ಅಡಾಪ್ಟರ್ ಮಾಡಿಕೊಂಡ ನನ್ನ ಅನುಭವ

ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಣ್ಣಗಾಗಿಸುವ ಕೂಲರ್ ಕೈಯಲ್ಲಿತ್ತು, ಹೋಸ್ ಕೂಡ ಇತ್ತು. ಆದರೆ ಎಂಜಿನ್ನಿನಿಂದ ಆಯಿಲ್ ಹೊರಗೆ ಬರಲು ದಾರಿಯೇ ಇರಲಿಲ್ಲ. ನನ್ನದು ಗಾಳಿಗೇ ತಣ್ಣಗಾಗಬೇಕಾದ ಹಳೆಯ ಬೈಕು, ಕೂಲರ್ ಎಂಬ ಮಾತನ್ನೇ ಕೇಳದ ಮಾದರಿ. ಲಗೇಜು ಹೇರಿಕೊಂಡು ಏರುದಾರಿಯಲ್ಲಿ ಒಂದು, ಎರಡನೇ ಗೇರಿನಲ್ಲೇ ಅರ್ಧ ಗಂಟೆ ಓಡಿಸಿದರೆ ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದು ಜೋರಾಗುತ್ತಿತ್ತು, ನ್ಯೂಟ್ರಲ್ ಹುಡುಕಲು ಕಾಲು ಒದ್ದಾಡುತ್ತಿತ್ತು. ನಿಜಕ್ಕೂ ಎಷ್ಟು ಬಿಸಿ ಎಂದು ತಿಳಿಯಲು ಮೊದಲು ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಕಪ್ಪು ಟೇಪಿನ ತುಂಡು ಅಂಟಿಸಿ ನೋಡಿದರೆ ಸ್ವಲ್ಪ ನಂಬಬಹುದು. ಕೊನೆಗೆ ಆಯಿಲ್ ತುಂಬುವ ಬಾಯಿಂದ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಇಳಿಬಿಟ್ಟೆ. ಏರು ಮುಗಿಸಿ ನಿಲ್ಲಿಸಿದಾಗ 131 ಡಿಗ್ರಿ. ಅಷ್ಟು ಕಾದ ಆಯಿಲ್ ನೀರಿನಂತೆ ತೆಳ್ಳಗಾಗಿರುತ್ತದೆ, ಬೇಗ ಕೆಡುತ್ತದೆ.

ನನ್ನ ಎಂಜಿನ್ನಿನಲ್ಲಿ ಡಬ್ಬಿಯಂತೆ ತಿರುಗಿಸಿ ಕೂರಿಸುವ ಸ್ಪಿನ್-ಆನ್ ಫಿಲ್ಟರ್ ಇದೆ. ಅದೇ ನನ್ನ ಅದೃಷ್ಟ. ಇಂಥ ಫಿಲ್ಟರಿನಲ್ಲಿ ಪಂಪಿನಿಂದ ಬಂದ ಆಯಿಲ್ ಹೊರಸುತ್ತಿನಲ್ಲಿ ಒಳಹೋಗಿ, ಕಾಗದದ ಮೂಲಕ ಸೋಸಿಕೊಂಡು, ನಡುವಿನ ಟೊಳ್ಳು ಸ್ಟಡ್‌ನಿಂದ (ಫಿಲ್ಟರ್ ತಿರುಗಿಸಿ ಕೂರಿಸುವ ಥ್ರೆಡ್ಡಿನ ಕೊಳವೆ) ಎಂಜಿನ್ನಿಗೆ ಮರಳುತ್ತದೆ. ಎಂಜಿನ್ನಿಗೂ ಫಿಲ್ಟರಿಗೂ ನಡುವೆ ಅಡಾಪ್ಟರ್ ಆಗಿ ಒಂದು ದಪ್ಪ ಬಿಲ್ಲೆ ಕೂರಿಸಿ, ಹೊರಸುತ್ತಿನ ಆಯಿಲನ್ನು ಅಲ್ಲೇ ಅಡ್ಡಗಟ್ಟಿ ಕೂಲರಿಗೆ ಕಳಿಸಿದರಾಯಿತು ಎಂದುಕೊಂಡೆ. ಕಾಗದದ ಮೇಲೆ ಚಿತ್ರ ಬರೆದುಕೊಂಡು ಲೇತ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಹೊರಗೆ ಹೋಗೋದು ಗೊತ್ತಾಯ್ತಪ್ಪಾ. ವಾಪಸ್ ಬರೋದು ಎಲ್ಲಿಂದ?" ಎಂದರು. ನನ್ನ ಚಿತ್ರದಲ್ಲಿ ಕೂಲರಿನಿಂದ ಮರಳಿದ ಆಯಿಲ್ ನೇರ ನಡುವಿನ ತೂತಿಗೆ ಹೋಗುತ್ತಿತ್ತು, ಅಂದರೆ ಫಿಲ್ಟರನ್ನು ಮುಟ್ಟದೆ ಬೇರಿಂಗಿಗೆ! ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಎರಡನೇ ಚಿತ್ರಕ್ಕೆ ಒಂದು ವಾರ ಹಿಡಿಯಿತು. ಬಿಲ್ಲೆಯ ವ್ಯಾಸ 76 ಮಿ.ಮೀ., ದಪ್ಪ 26. ಎಂಜಿನ್ ಕಡೆಯ ಮುಖದಲ್ಲಿ 5 ಮಿ.ಮೀ. ಆಳದ ಉಂಗುರಾಕಾರದ ಕಾಲುವೆ, ಫಿಲ್ಟರ್ ಕಡೆಯಲ್ಲೂ ಅಂಥದ್ದೇ ಇನ್ನೊಂದು. ನಡುವೆ 16 ಮಿ.ಮೀ. ಗೋಡೆ. ಬದಿಯಿಂದ ಗೋಡೆಯೊಳಕ್ಕೆ ಎರಡು ಕುರುಡು ತೂತು, ಅಂದರೆ ಆಚೆಗೆ ಹಾಯದವು. ಒಂದು ಎಂಜಿನ್ ಕಡೆಯ ಕಾಲುವೆಗೆ ಕೂಡುತ್ತದೆ, ಇನ್ನೊಂದು ಫಿಲ್ಟರ್ ಕಡೆಯದಕ್ಕೆ. ಬಿಸಿ ಆಯಿಲ್ ಮೊದಲನೆಯದರಿಂದ ಹೊರಟು, ಕೂಲರ್ ಸುತ್ತಿ, ಎರಡನೆಯದರಿಂದ ಬಂದು ಫಿಲ್ಟರಿನ ಹೊರಸುತ್ತಿಗೇ ಸೇರುತ್ತದೆ. ಆಮೇಲೆ ಎಂದಿನ ದಾರಿ. ಎಂಜಿನ್ನಿಗೆ ನಡುವೆ ಏನೋ ನಡೆದಿದೆ ಎಂದು ಗೊತ್ತೇ ಆಗಬಾರದು.

ಬಿಲ್ಲೆಯನ್ನು ಎಂಜಿನ್ನಿಗೆ ಹಿಡಿದಿಡುವ ನಡುವಿನ ಬೋಲ್ಟನ್ನು ಸ್ಟೀಲಿನಲ್ಲೇ ಮಾಡಿಸಿದೆ. ಒಂದು ತುದಿಯಲ್ಲಿ ಎಂಜಿನ್ ಸ್ಟಡ್‌ಗೆ ಕೂರುವ ಒಳಥ್ರೆಡ್, ಇನ್ನೊಂದು ತುದಿಯಲ್ಲಿ ಫಿಲ್ಟರ್ ಕೂರುವ ಹೊರಥ್ರೆಡ್, ಉದ್ದಕ್ಕೂ ಟೊಳ್ಳು. ಇಲ್ಲಿ ಒಂದು ಎಚ್ಚರಿಕೆ. ಸ್ಪಿನ್-ಆನ್ ಫಿಲ್ಟರುಗಳಲ್ಲಿ ಎಂ20×1.5 ಥ್ರೆಡ್ (ವ್ಯಾಸ 20 ಮಿ.ಮೀ., ಸುತ್ತಿನಿಂದ ಸುತ್ತಿಗೆ ಇರುವ ದೂರ, ಅಂದರೆ ಪಿಚ್, 1.5) ಇರುತ್ತದೆ, ಮುಕ್ಕಾಲು ಇಂಚು ವ್ಯಾಸದ, ಇಂಚಿಗೆ 16 ಸುತ್ತಿನ, ಇಂಚಳತೆಯ ಥ್ರೆಡ್ಡಾದ ಯುಎನ್‌ಎಫ್ ಕೂಡ ಇರುತ್ತದೆ. ಕಣ್ಣಿಗೆ ಎರಡೂ ಒಂದೇ. ಒಂದರ ವ್ಯಾಸ 20 ಮಿ.ಮೀ., ಇನ್ನೊಂದರದು 19.05. ಪಿಚ್ ಗೇಜಿನಲ್ಲೂ 1.5ಕ್ಕೂ 1.59ಕ್ಕೂ ವ್ಯತ್ಯಾಸ ಕಾಣಲು ತಾಳ್ಮೆ ಬೇಕು. ಹಾಗಾಗಿ ವರ್ನಿಯರಿನಲ್ಲಿ ಸ್ಟಡ್‌ನ ಹೊರವ್ಯಾಸ ಅಳೆದೆ: 19.8. ಥ್ರೆಡ್‌ನ ಶಿಖರ ಲೆಕ್ಕದ ಅಳತೆಗಿಂತ ಯಾವಾಗಲೂ ಚೂರು ಸಣ್ಣದಿರುತ್ತದೆ, ಆದ್ದರಿಂದ ಇದು ಎಂ20. ಎಂ20 ಫಿಲ್ಟರನ್ನು ಮುಕ್ಕಾಲು ಇಂಚಿನ ಸ್ಟಡ್‌ಗೆ ಹಾಕಿದರೆ ಕೂತಂತೆಯೇ ಅನಿಸುತ್ತದೆ, ಒತ್ತಡ ಬಂದಾಗ ಕಿತ್ತುಕೊಂಡು ಹೋಗಬಹುದು.

ಲೋಹ ಮುಟ್ಟುವ ಮೊದಲು ದಪ್ಪ ರಟ್ಟುಗಳನ್ನು ಅಂಟಿಸಿ ಅದೇ ಅಳತೆಯ ಬಿಲ್ಲೆ ಮಾಡಿ, ಅದರ ಮುಂದೆ ಹಳೆಯ ಫಿಲ್ಟರ್ ಹಿಡಿದು ನೋಡಿದೆ. ಫಿಲ್ಟರ್ 26 ಮಿ.ಮೀ. ಮುಂದೆ ಬಂದು ಸೈಲೆನ್ಸರಿನ ಬೆಂಡ್ ಪೈಪಿಗೆ ತಗಲುತ್ತಿತ್ತು. ಅದೇ ಥ್ರೆಡ್ಡಿನ, ಅದೇ ಗ್ಯಾಸ್ಕೆಟ್ ಅಳತೆಯ, ಉದ್ದ ಕಡಿಮೆ ಇರುವ ಫಿಲ್ಟರ್ ಹುಡುಕಿಕೊಂಡೆ. ಈ ರಟ್ಟಿನ ಕೆಲಸ ಮಾಡದಿದ್ದರೆ ಅಲ್ಯೂಮಿನಿಯಂ ದಂಡ ಆಗುತ್ತಿತ್ತು.

ಬಿಲ್ಲೆಗೆ 6061-ಟಿ6 ಅಲ್ಯೂಮಿನಿಯಂ ರಾಡಿನ ತುಂಡು. ಲೇತಿನಲ್ಲಿ ಸಲೀಸಾಗಿ ತಿರುವಬಹುದು, ಥ್ರೆಡ್ ಕೂಡ ಹಿಡಿಯುತ್ತದೆ. ಫಿಲ್ಟರಿನ ಗ್ಯಾಸ್ಕೆಟ್ ಕೂರುವ ಮುಖವನ್ನು ಎಮರಿ ಕಾಗದದಿಂದ ಉಜ್ಜಿ ಹೊಳಪು ಕೊಡಬೇಕೆಂದಿದ್ದೆ, ಹಿರಿಯರು ಬೇಡವೆಂದರು. ಲೇತಿನ ಸುತ್ತುಗೆರೆಗಳು ಆಯಿಲನ್ನು ತಡೆಯುತ್ತವೆ, ಒಳಗಿನಿಂದ ಹೊರಕ್ಕೆ ಅಡ್ಡ ಬಿದ್ದ ಒಂದೇ ಒಂದು ಗೀರು ಸಾಕು ಸೋರಲು.

ಎಂಜಿನ್ ಕಡೆಗೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಓ-ರಿಂಗ್. ನೈಟ್ರೈಲ್ ರಬ್ಬರು ಇಷ್ಟು ಬಿಸಿಯಲ್ಲಿ ಬರಬರುತ್ತ ಗಟ್ಟಿಯಾಗುತ್ತದೆ, ಆದ್ದರಿಂದ 200 ಡಿಗ್ರಿ ತಡೆಯುವ ವೈಟಾನ್ ರಬ್ಬರಿನದು ತಂದೆ. 3 ಮಿ.ಮೀ. ದಪ್ಪದ ರಿಂಗಿಗೆ ಗ್ರೂವ್ ಆಳ 2.3, ಅಗಲ 4. ಆಳ ಕಡಿಮೆ ಇರಬೇಕು, ರಿಂಗ್ ನಾಲ್ಕನೇ ಒಂದು ಪಾಲಿನಷ್ಟು ಒತ್ತಿ ಕೂರಲಿ ಎಂದು. ಅಗಲ ಹೆಚ್ಚಿರಬೇಕು, ಒತ್ತಿದ ರಬ್ಬರಿಗೆ ಹೋಗಲು ಜಾಗ ಬೇಕಲ್ಲ. ಒತ್ತಡ ಒಳಗಿನಿಂದ ಬರುವುದರಿಂದ ರಿಂಗ್ ಗ್ರೂವಿನ ಹೊರಗೋಡೆಗೆ ಮೊದಲೇ ತಾಗಿರಬೇಕು. ಒಳಗೋಡೆಗೆ ಬಿಗಿಯಾಗಿ ಎಳೆದು ಕೂರಿಸಿದರೆ ಒತ್ತಡ ಬಂದಾಗಲೆಲ್ಲ ಅದು ಹೊರಕ್ಕೆ ಸರಿದಾಡುತ್ತದೆ. ಗ್ರೂವೇ ಬೇಡ, ಸಿಲಿಕಾನ್ ಪೇಸ್ಟ್ ಬಳಿದರಾಯಿತು ಎನ್ನುವವರಿದ್ದಾರೆ. ಒಳಕ್ಕೆ ಹಿಂಡಿ ಬಂದ ಪೇಸ್ಟು ಒಣಗಿ, ಕಳಚಿ, ಸಣ್ಣ ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೆ ಕತೆ ಮುಗಿಯಿತು. ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪೂ ಅಷ್ಟೇ.

ಹೋಸಿನ ಕಡೆಗೆ ಎಂ14×1.5 ಥ್ರೆಡ್ಡಿನ ಎರಡು ಬಾಯಿ, ಅವಕ್ಕೆ ರಬ್ಬರು ಅಂಟಿದ ಲೋಹದ ವಾಷರ್. ಆಯಿಲ್ ಒಳಗೆ ಹಾದು ಬದಿಗೆ ತಿರುಗುವ ಟೊಳ್ಳು ಬ್ಯಾಂಜೋ ಬೋಲ್ಟ್ ಹಾಕಿದ್ದರೆ ಜಾಗ ಉಳಿಯುತ್ತಿತ್ತು. ಆದರೆ ಸಣ್ಣ ಬ್ಯಾಂಜೋ ಬೋಲ್ಟಿನ ಒಳತೂತು ತೀರ ಕಿರಿದು, ಮುಖ್ಯ ಹರಿವೆಲ್ಲ ಹಾಯಬೇಕಾದ ಕಡೆ ಅಂಥ ಕುತ್ತಿಗೆ ನನಗೆ ಬೇಡವಾಗಿತ್ತು. ಈ ತೂತುಗಳನ್ನು ಮನೆಯ ಡ್ರಿಲ್ ಸ್ಟ್ಯಾಂಡಿನಲ್ಲಿ ನಾನೇ ಕೊರೆದೆ. 12.5 ಮಿ.ಮೀ. ಡ್ರಿಲ್, ಆಮೇಲೆ ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್. ತೂತು ಕಾಲುವೆಗೆ ಕೂಡುವ ಮೂಲೆಯಲ್ಲಿ ಏಳುವ ಸಿಬಿರನ್ನು ಸಣ್ಣ ಅರದಿಂದ ಕೆರೆದು ತೆಗೆದೆ. ಸೀಮೆಎಣ್ಣೆ, ಬ್ರಷ್, ಗಾಳಿ, ಮತ್ತೆ ಸೀಮೆಎಣ್ಣೆ. ಬೆಳ್ಳಗಿನ ಬಟ್ಟೆಗೆ ಚೂರು ಅಂಟದಷ್ಟು ಹೊತ್ತು ತೊಳೆದೆ.

ಬೈಕಿಗೆ ಹಾಕುವ ಮೊದಲು ಪರೀಕ್ಷೆ. ಎರಡು ಮುಖಕ್ಕೂ ದಪ್ಪ ತಗಡಿನ ಮುಚ್ಚಳ ಬಿಗಿದು, ಒಂದು ಬಾಯಿಗೆ ಟೈರ್ ವಾಲ್ವ್ ಸಿಕ್ಕಿಸಿ, ಕಾಲಿನ ಪಂಪಿನಿಂದ 5 ಬಾರ್ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಫಿಟ್ಟಿಂಗಿನ ಬುಡದಿಂದ ಗುಳ್ಳೆ. ನಾನು ಕೈಯಲ್ಲಿ ಹಾಕಿದ ಟ್ಯಾಪ್ ಒಂದಿಷ್ಟು ವಾರೆಯಾಗಿತ್ತು. ಸಾಲದ್ದಕ್ಕೆ ವಾಷರ್ ಕೂತಿದ್ದು ಬಿಲ್ಲೆಯ ಬಾಗಿದ ಮೈ ಮೇಲೆ. ಎರಡು ಕಡೆಯೂ 24 ಮಿ.ಮೀ. ಅಗಲದ ಸಮತಟ್ಟು ಮಾಡಿಸಿದೆ, ಥ್ರೆಡ್ಡಿಗೆ ನೇರವಾಗಿ. ಸುಮಾರು 2 ಮಿ.ಮೀ. ಲೋಹ ಹೋಯಿತು, ಗುಳ್ಳೆಯೂ ಹೋಯಿತು.

ಕೂಲರನ್ನು ಫ್ರೇಮಿನ ಮುಂದಿನ ಪೈಪುಗಳಿಗೆ ರಬ್ಬರ್ ಬುಷ್ ಇಟ್ಟು ಕಟ್ಟಿದೆ, ಬಾಯಿಗಳು ಮೇಲಕ್ಕೆ. ಕೆಳಮುಖ ಮಾಡಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮುಂದಿನ ಶಾಕ್ ಪೂರ್ತಿ ಕುಗ್ಗಿದಾಗ ಮಡ್‌ಗಾರ್ಡ್ ಎಲ್ಲಿಗೆ ಬರುತ್ತದೆ ಎಂದೂ ನೋಡಿಕೊಂಡೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ನಾಬ್ ಮುಚ್ಚಿ, ಪ್ಲಗ್ ಬಿಚ್ಚಿ ಅದನ್ನು ತೂತಿನಿಂದ ದೂರ ಲೋಹಕ್ಕೆ ತಾಗಿಸಿಟ್ಟು, ಆಯಿಲ್ ದೀಪ ಆರುವವರೆಗೆ ಎಂಜಿನ್ ತಿರುಗಿಸಿದೆ. ಕೂಲರ್, ಹೋಸು ಸೇರಿ ಕಾಲು ಲೀಟರಿನಷ್ಟು ಹೆಚ್ಚುವರಿ ಆಯಿಲ್ ಕುಡಿದವು.

ಅದೇ ಏರು, ಅದೇ ಲಗೇಜು. ಮೇಲೆ ಹೋಗಿ ನೋಡಿದರೆ 126! ಇಷ್ಟಕ್ಕಾಗಿ ಇಷ್ಟೆಲ್ಲವೇ? ಕೂಲರ್ ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ. ಸುಡಬೇಕಿತ್ತಲ್ಲ.

ತಪ್ಪು ನನ್ನ ಅತಿಬುದ್ಧಿಯದು. ಚಳಿಯಲ್ಲಿ ಆಯಿಲ್ ಮಂದವಾಗಿರುವಾಗ ಕೂಲರಿನ ಸಣ್ಣ ನಳಿಕೆಗಳಲ್ಲಿ ಬೇಗ ಹರಿಯದು, ಎಂಜಿನ್ನಿಗೆ ಆಯಿಲ್ ತಡವಾಗಬಾರದು ಎಂದು ಎರಡು ಕಾಲುವೆಗಳ ನಡುವಿನ ಗೋಡೆಯಲ್ಲಿ ಒಂದು ಅಡ್ಡದಾರಿ ಕೊರೆದಿದ್ದೆ. ಯೋಚನೆ ಸರಿಯೇ. ಆದರೆ ತೂತು 5 ಮಿ.ಮೀ. ಕೂಲರ್ ಸುತ್ತಿ ಬರುವ ಉದ್ದ ದಾರಿ ಒಂದು ಕಡೆ, 16 ಮಿ.ಮೀ. ಉದ್ದದ ಅಡ್ಡದಾರಿ ಇನ್ನೊಂದು ಕಡೆ. ಆಯಿಲ್ ಯಾವುದನ್ನು ಹಿಡಿಯುತ್ತದೆ ಎಂದು ಕೇಳಬೇಕೆ?

ಬಿಲ್ಲೆಯನ್ನೇ ಬಿಸಾಡಬೇಕೇನೋ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು, 5 ಮಿ.ಮೀ. ಅಂದರೆ ಎಂ6 ಟ್ಯಾಪ್ ಹಾಕಲು ಬೇಕಾದ ತೂತೇ. ಟ್ಯಾಪ್ ಹಾಕಿ, ಹಿತ್ತಾಳೆ ಬೋಲ್ಟಿನ ತುಂಡಿಗೆ ನಡುವೆ 2 ಮಿ.ಮೀ. ತೂತು ಕೊರೆದು, ತಲೆಗೆ ಸ್ಕ್ರೂಡ್ರೈವರಿನ ಗೀರು ಹಾಕಿ, ಕಾರ್ಬುರೇಟರಿನ ಜೆಟ್ಟಿನಂತೆ ಕೂರಿಸಿದೆ. ಸ್ಟೀಲಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಕೊರೆಯಲು ಹೋಗಿ ಎರಡು ಡ್ರಿಲ್ ಬಿಟ್ ಮುರಿದ ಮೇಲೆ ಹಿತ್ತಾಳೆಗೆ ಬಂದಿದ್ದು, ಅದನ್ನೂ ಹೇಳಿಬಿಡುತ್ತೇನೆ. ಈ ಸಲ ಏರು ಮುಗಿದಾಗ 109. ಕೂಲರ್ ಮೇಲೆ ಬೆರಳಿಡಲಾಗಲಿಲ್ಲ.

ಅದಕ್ಕಿಂತ ಇಳಿಸುವ ಆಸೆ ನನಗಿಲ್ಲ. ಆಯಿಲ್ ಸರಿಯಾಗಿ ಕಾಯದಿದ್ದರೆ ಒಳಗಿನ ತೇವ ಆವಿಯಾಗಿ ಹೋಗದೆ, ಆಯಿಲ್ ಕಿಂಡಿಯಲ್ಲಿ ಬಿಳಿ ನೊರೆ ಕಟ್ಟುತ್ತದೆ. ಚಳಿಯ ದಿನಗಳಲ್ಲಿ ಕೂಲರಿನ ಅರ್ಧಕ್ಕೆ ತಗಡು ಮುಚ್ಚಿ ಓಡಿಸುತ್ತೇನೆ. 80 ಡಿಗ್ರಿ ಸುಮಾರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಬಿಲ್ಲೆಗಳೂ ಇವೆ, ಹೆಚ್ಚು ಅಚ್ಚುಕಟ್ಟು. ಆದರೆ ನನ್ನ ಎಂಜಿನ್ನಿನ ಮುಂದಿನ ಇಕ್ಕಟ್ಟಿನಲ್ಲಿ ಅವು ಕೂರುತ್ತಿರಲಿಲ್ಲ.

ಫಿಲ್ಟರ್ ಬದಲಿಸುವಾಗ ಒಂದು ತೊಂದರೆ ಕಂಡಿತು. ಫಿಲ್ಟರ್ ಬಿಚ್ಚಲು ಹೋದರೆ ನಡುವಿನ ಬೋಲ್ಟೂ ಜೊತೆಗೇ ಸಡಿಲವಾಗಿ ಬಿಲ್ಲೆ ತಿರುಗಿತು, ಹೋಸು ಎಳೆದಾಡಿತು. ಬೋಲ್ಟನ್ನು ಮತ್ತೆ ಸ್ಪ್ಯಾನರಿನಲ್ಲಿ ಬಿಗಿದೆ. ಬಿಲ್ಲೆ ತಿರುಗದಂತೆ ಎಂಜಿನ್ನಿನ ಒಂದು ಉಬ್ಬಿಗೆ ತಾಗುವ ಪುಟ್ಟ ಕೊಕ್ಕೆ ಮಾಡಿ ಅದರ ಬದಿಗೆ ಸ್ಕ್ರೂ ಹಾಕಿದೆ. ಫಿಲ್ಟರನ್ನು ಈಗ ಕೈಯಲ್ಲೇ ಬಿಗಿಯುತ್ತೇನೆ: ಗ್ಯಾಸ್ಕೆಟ್ ತಾಗಿದ ಮೇಲೆ ಮುಕ್ಕಾಲು ಸುತ್ತು. 1.5 ಮಿ.ಮೀ. ತೂತಿನ ಇನ್ನೊಂದು ಹಿತ್ತಾಳೆ ಸ್ಕ್ರೂ ಕೊರೆದು ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಮುಂದಿನ ಆಯಿಲ್ ಬದಲಾವಣೆಗೆ ಅದನ್ನೂ ಹಾಕಿ ನೋಡುವುದಿದೆ.