ಹಳೇ ಕಾರಿಗೆ ಬೇರೆ ಕಾರಿನ ಪಾರ್ಟು: ಜೋಡಿ ಹುಡುಕುವುದು ಹೇಗೆ?

ಮಾರಿಸ್ ಮರೀನಾ ಎಂಬ ಸಾದಾ ಸಂಸಾರಸ್ಥರ ಕಾರಿನ ಬಾಗಿಲ ಹಿಡಿಯೇ ಲೋಟಸ್ ಎಸ್ಪ್ರಿ ಎಂಬ ಸ್ಪೋರ್ಟ್ಸ್ ಕಾರಿನ ಬಾಗಿಲಲ್ಲೂ ಇದೆ. ಜಾಗ್ವಾರ್ ಎಕ್ಸ್‌ಜೆ220ರ ಹಿಂದಿನ ದೀಪ ರೋವರ್ 200ರದ್ದು. ಸಣ್ಣ ಸಂಖ್ಯೆಯಲ್ಲಿ ಕಾರು ಮಾಡುವವರಿಗೆ ಒಂದು ದೀಪಕ್ಕಾಗಿ ಹೊಸ ಅಚ್ಚು ಮಾಡಿಸುವುದು ಗಿಟ್ಟುವುದಿಲ್ಲ. ಹಾಗಾಗಿ ದುಬಾರಿ ಕಾರಿನ ಪಾರ್ಟನ್ನು ಅದರ ಬಡ ನೆಂಟನ ಹೆಸರಲ್ಲಿ ಹುಡುಕುವುದೇ ಜಾಣತನ. ಆದರೆ ‘ಎರಡೂ ಒಂದೇ ಅಂತೆ’ ಎಂದು ಕೊಂಡು ತಂದು ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ನಂಬರ್. ಹಳೇ ಪಾರ್ಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೇಲೆ ಕೊರೆದ ನಂಬರ್ ಬರೆದುಕೊಳ್ಳಿ. ಎರಕದಲ್ಲೇ ಉಬ್ಬಿ ಬಂದ ನಂಬರ್ ಸಾಲದು. ಒಂದೇ ಎರಕಕ್ಕೆ ಬೇರೆ ಬೇರೆ ಕಡೆ ತೂತು ಹಾಕಿ ಎರಡು ಪಾರ್ಟು ಮಾಡಿರುತ್ತಾರೆ.

ಎಂಜಿನ್ ಪಾರ್ಟಾದರೆ ಸಿಸಿ ನೋಡಿ. 1951ರಲ್ಲಿ ಆಸ್ಟಿನ್ ಎ30ಯಲ್ಲಿ ಬಂದ ಎ-ಸೀರೀಸ್ ಎಂಜಿನ್ ಮುಂದೆ ಮಾರಿಸ್ ಮೈನರ್, ಮಿನಿ, ಎಂಜಿ ಮಿಡ್ಜೆಟ್ ಎಲ್ಲಕ್ಕೂ ಹೋಯಿತು. ಕುಲ ಒಂದೇ, ಆದರೆ 948 ಸಿಸಿಯ ಪಿಸ್ಟನ್ 998ಕ್ಕೆ ಕೂರುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ: ಥ್ರೆಡ್. ಬ್ರಿಟಿಷ್ ಕಾರುಗಳು 1950ರ ದಶಕದಲ್ಲಿ ಬಿಎಸ್‌ಎಫ್ ಎಂಬ ಹಳೇ ಬ್ರಿಟಿಷ್ ಥ್ರೆಡ್ ಬಿಟ್ಟು, ಅಮೆರಿಕದಲ್ಲೂ ನಡೆಯುವ ಯುಎನ್‌ಎಫ್ ಥ್ರೆಡ್ಡಿಗೆ ಬಂದವು. 5/16 ಇಂಚಿನ ಬೋಲ್ಟಿನಲ್ಲಿ ಬಿಎಸ್‌ಎಫ್ ಆದರೆ ಇಂಚಿಗೆ 22 ಸುತ್ತು, ಯುಎನ್‌ಎಫ್ ಆದರೆ 24. ದಪ್ಪ ಒಂದೇ. ಅದೇ ಮೋಸ! ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ. ‘ತುಕ್ಕು ಇರಬೇಕು’ ಎಂದು ಸ್ಪ್ಯಾನರ್ ಹಾಕಿ ಎಳೆದಿರೋ, ಥ್ರೆಡ್ ಹೋಯಿತು. ಬೆರಳಿಗೆ ಬಗ್ಗದ ಬೋಲ್ಟಿಗೆ ಸ್ಪ್ಯಾನರ್ ಮುಟ್ಟಿಸಲೇಬೇಡಿ.

ಥ್ರೆಡ್ಡಿನ ಹಲ್ಲು ಅಳೆಯುವ ಥ್ರೆಡ್ ಗೇಜ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಳೇ ಬೋಲ್ಟು, ಹೊಸ ಬೋಲ್ಟು ಎರಡನ್ನೂ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಕೂತರೆ ಸರಿ. ನಾಲ್ಕೈದು ಹಲ್ಲು ಕೂತು, ಮುಂದೆ ಒಂದರ ಮೇಲೊಂದು ಹತ್ತಿ ಸಂದಿಯಲ್ಲಿ ಬೆಳಕು ಕಂಡರೆ ಬೇರೆ ಜಾತಿ. ಬೋಲ್ಟಿನ ತಲೆ ನೋಡಿ ತೀರ್ಮಾನಿಸಬೇಡಿ. ಎಂಜಿ ಟಿಸಿ ಎಂಜಿನ್ನಿನಲ್ಲಿ ತಲೆ ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಅಳತೆ, ಥ್ರೆಡ್ ಮಾತ್ರ ಮೆಟ್ರಿಕ್! ಹಳೇ ಕ್ರೈಸ್ಲರ್ ಕಾರುಗಳಲ್ಲಂತೂ ಎಡಬದಿ ಚಕ್ರದ ನಟ್ಟುಗಳು ಉಲ್ಟಾ ತಿರುಗುತ್ತವೆ. ಗೊತ್ತಿಲ್ಲದೆ ಪೈಪ್ ಸಿಕ್ಕಿಸಿ ಜಗ್ಗಿದರೆ ಸ್ಟಡ್ಡೇ ಕೈಗೆ ಬರುತ್ತದೆ. ಅಂದಹಾಗೆ, ‘ಎಲ್ಲಾ ಕಾರಿಗೂ ಆಗುತ್ತೆ’ ಎಂದು ಮಾರುವ ಬೋಲ್ಟ್ ಪ್ಯಾಕೆಟ್ಟು ಸುಮ್ನೆ ಕೊಟ್ಟರೂ ಬೇಡ.

ಆಯಿಲ್ ತಾಗುವ ಪಾರ್ಟಾದರೆ ಬಣ್ಣ ಕೇಳಿ. ಸಿಟ್ರೊಯೆನ್ ಡಿಎಸ್‌ನ ಹೈಡ್ರಾಲಿಕ್ಸ್ ಮೊದಲು ಕೆಂಪು ಆಯಿಲಿನದ್ದು, 1960ರ ದಶಕದ ಕೊನೆಗೆ ಹಸಿರು ಬಂತು. ಪಾರ್ಟು ನೋಡಲು ಒಂದೇ ಥರ, ಒಳಗಿನ ರಬ್ಬರ್ ಬೇರೆ. ಅದಲು ಬದಲಾದರೆ ಸೀಲುಗಳೆಲ್ಲ ಹಾಳು. ಕರೆಂಟಿನ ಪಾರ್ಟಾದರೆ, ಹಳೇ ಮಿನಿಯಂಥವುಗಳಲ್ಲಿ ಬ್ಯಾಟರಿಯ ಮೈನಸ್ ಅಲ್ಲ, ಪ್ಲಸ್ ತಂತಿ ಕಾರಿನ ಮೈಗೆ ಸೇರಿರುತ್ತದೆ. ಬಲ್ಬಿಗೆ ಲೆಕ್ಕವಿಲ್ಲ, ಮೈನಸ್ ಮೈಗೆ ಸೇರುವ ಕಾರಿನ ರೇಡಿಯೊ ತಂದು ಹಾಕಿದರೆ ಮಾತ್ರ ಸುಟ್ಟು ಹೋಗುತ್ತದೆ.

ಎಲ್ಲ ಹೊಂದಿದರೆ ಕೂರಿಸಿ, ಬಿಗಿ ಮಾಡಿ. ಹಳೇ ಪಾರ್ಟಿಗೆ ನಂಬರ್ ಬರೆದ ಚೀಟಿ ಕಟ್ಟಿ, ಗುಜರಿಗೆ ಹಾಕದೆ ಎತ್ತಿಡಿ.