ಮಾರಿದ ಮಿನಿ ಟ್ರಾಕ್ಟರ್ ಮತ್ತೆ ಕೊಳ್ಳುವಿರಾ? ಹೀಗೆ ಮಾಡಿ

ಅಡಿಕೆ ತೋಟಕ್ಕೆಂದು ಅಪ್ಪ ತಂದಿದ್ದ ಮಿನಿ ಟ್ರಾಕ್ಟರ್. ಸಾಲ ತೀರಿಸಲೋ, ಮದುವೆ ಖರ್ಚಿಗೋ, ದೊಡ್ಡ ಗಾಡಿ ಬಂತೆಂದೋ ಮಾರಿದ್ದಾಯಿತು. ಎಷ್ಟೋ ವರ್ಷದ ಮೇಲೆ ಅದೇ ಗಾಡಿ ಪಕ್ಕದ ತಾಲ್ಲೂಕಿನ ಯಾರದೋ ಕೊಟ್ಟಿಗೆ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ ಅಂತ ಸುದ್ದಿ ಬರುತ್ತದೆ. ಅಲ್ಲಿಗೆ ನಿದ್ದೆ ಕೆಟ್ಟಿತು ಅಂತಲೇ ಲೆಕ್ಕ.

ನಮ್ಮ ಕಡೆ ಇಂಥ ಗಾಡಿ ಅಂದರೆ ಹೆಚ್ಚಾಗಿ ಮಿತ್ಸುಬಿಷಿ ಶಕ್ತಿ. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಮೊದಲು ಪವರ್ ಟಿಲ್ಲರ್ ಮಾಡಿತು, ಆಮೇಲೆ ಮಿನಿ ಟ್ರಾಕ್ಟರ್‌ಗೂ ಕೈ ಹಾಕಿತು. ಅದರ ಎಂಟಿ 180ಡಿ ಮಾದರಿ, ಮೂರು ಸಿಲಿಂಡರಿನ 18.5 ಎಚ್‌ಪಿ ಗಾಡಿ, ತೋಟದವರಿಗೆ ಚೆನ್ನಾಗಿ ಗೊತ್ತು. ಅಡಿಕೆ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ ಬಿಡುತ್ತೇವಲ್ಲ, ಆ ಸಾಲಿನ ನಡುವೆ ದೊಡ್ಡ ಟ್ರಾಕ್ಟರ್ ತಿರುಗಿಸುವುದು ಕಷ್ಟ. ಇದು ಸಲೀಸಾಗಿ ಓಡಾಡುತ್ತದೆ. ಕೆಳಗಿನ ಮಾತೆಲ್ಲ ಈ ಅಳತೆಯ ಯಾವ ಹಳೆ ಡೀಸೆಲ್ ಗಾಡಿಗೂ ಸಲ್ಲುತ್ತದೆ.

ಮೊದಲೇ ಒಂದು ಮಾತು. ಗಾಡಿ ನಿಮ್ಮದಾಗಿತ್ತು ನಿಜ. ಆದರೆ ನಿಮ್ಮ ಕೈ ಬಿಟ್ಟ ಮೇಲೆ ಅದನ್ನು ಯಾರು ಓಡಿಸಿದರು, ಎಷ್ಟು ಗದ್ದೆ ಕೆಸರು ಕುಡಿಸಿದರು, ಆಯಿಲ್ ಬದಲಿಸಿದರೋ ಇಲ್ಲವೋ, ಯಾವುದೂ ನಿಮಗೆ ಗೊತ್ತಿಲ್ಲ. ಹಾಗಾಗಿ ಗುರುತೇ ಇಲ್ಲದ ಗಾಡಿ ನೋಡುವ ಹಾಗೆ ನೋಡಿ.

ಗಾಡಿಗಿಂತ ಮುಂಚೆ ಕಾಗದ

ಹಳೆ ಆರ್‌ಸಿಯ ಜೆರಾಕ್ಸ್ ಮನೆಯಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಅದರಲ್ಲಿರುವ ನಂಬರನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ದಾಖಲೆ ಕಂಪ್ಯೂಟರಿಗೆ ಏರಿದ್ದರೆ ಆರ್‌ಸಿ ಎಲ್ಲಿವರೆಗೆ ಚಾಲ್ತಿಯಲ್ಲಿದೆ, ವಿಮೆ ಇದೆಯಾ, ಬ್ಯಾಂಕ್ ಸಾಲದ ನಮೂದು ಉಳಿದಿದೆಯಾ ಎಂಬುದು ಸಿಗುತ್ತದೆ. ತೀರಾ ಹಳೆ ಗಾಡಿಯಾದರೆ ನೋಂದಣಿಯಾದ ಆರ್‌ಟಿಒ ಕಚೇರಿಗೇ ಹೋಗಿ ಕೇಳಬೇಕು.

ಇಲ್ಲಿ ಹಲವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಗಾಡಿ ಇನ್ನೂ ನಿಮ್ಮಪ್ಪನ ಹೆಸರಿನಲ್ಲೋ, ನಿಮ್ಮ ಹೆಸರಿನಲ್ಲೋ ಇರುತ್ತದೆ! ಕೊಂಡವರು ಹೆಸರು ಬದಲಿಸಿಯೇ ಇರುವುದಿಲ್ಲ. ಖುಷಿಪಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟು ವರ್ಷ ವಿಮೆ ಇಲ್ಲದ ಗಾಡಿಯ ಹೊಣೆ ನಿಮ್ಮ ತಲೆ ಮೇಲೇ ಇತ್ತು ಅಂತಾಯಿತು. ಈ ನಡುವೆ ಏನಾದರೂ ಕೇಸು, ಬಾಕಿ ಇದೆಯಾ ಎಂದು ವಿಚಾರಿಸಿಯೇ ಮುಂದುವರಿಯಿರಿ. ಹೆಸರು ನಿಮ್ಮದೇ ಇದ್ದರೂ ದುಡ್ಡು ಕೊಟ್ಟು ವಾಪಸ್ ಪಡೆದದ್ದಕ್ಕೆ ಬರಹದಲ್ಲಿ ರಸೀದಿ ಇರಲಿ.

ಹೆಸರು ಬದಲಾಗಿದ್ದರೆ ದಾರಿ ನೇರ. ಮಾರುವವರಿಂದ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಹಳೆ ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಬ್ಯಾಂಕಿನಿಂದ ಫಾರಂ 35. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಿಮಗೆ ಕೊಡಬೇಕು. ಇದನ್ನು ಅರ್ಧಕ್ಕೆ ಬಿಟ್ಟರೆ ಮುಂದೆ ಅಣ್ಣತಮ್ಮಂದಿರ ಜಗಳದಲ್ಲಿ ನೀವು ಸಾಕ್ಷಿಯಾಗಬೇಕಾದೀತು. ಕೃಷಿ ಟ್ರಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು.

ಕಾಗದದಲ್ಲಿರುವ ಗಾಡಿಯೂ ಕೊಟ್ಟಿಗೆ ಹಿಂದಿನ ಗಾಡಿಯೂ ಒಂದೇನಾ? ಚಾಸಿ ನಂಬರ್ ಕೊರೆದಿರುವ ಜಾಗವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ. ತೆಳು ಬಿಳಿ ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಮೆಲ್ಲಗೆ ತಿಕ್ಕಿ. ಕಪ್ಪು ಗೀಟಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಅದನ್ನು ಆರ್‌ಸಿ ಜೊತೆ ಹೋಲಿಸಿ. ಎಂಜಿನ್ ನಂಬರಿಗೂ ಹೀಗೇ. ತುಕ್ಕು ಇದೆ ಅಂತ ಉಪ್ಪುಕಾಗದ ಹಾಕಿ ಉಜ್ಜಬೇಡಿ. ನಂಬರ್ ತಿದ್ದಿದ್ದಾರೆ ಎಂಬ ಅನುಮಾನಕ್ಕೆ ನೀವೇ ಎಡೆ ಮಾಡಿಕೊಟ್ಟಂತೆ.

ಚೌಕಾಸಿ

"ಇದು ನಮ್ಮಪ್ಪನ ಗಾಡಿ ಸಾರ್" ಅಂದಿರೋ, ಮುಗಿಯಿತು. ರೇಟು ಅಲ್ಲೇ ಏರುತ್ತದೆ. ಮೆಕ್ಯಾನಿಕ್ಕನ್ನೋ ಪರಿಚಯದ ರೈತರನ್ನೋ ಮುಂದೆ ಬಿಡಿ, ನೀವು ಹಿಂದೆ ನಿಂತು ಟೈರ್ ನೋಡಿ. ವರ್ಷಗಟ್ಟಲೆ ನಿಂತ ಗಾಡಿಗೆ ಟೈರ್, ಬ್ಯಾಟರಿ, ಸೀಲುಗಳು, ಡೀಸೆಲ್ ಪಂಪಿನ ಕೆಲಸ ಬಂದೇ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ. ಹಿಂದೆ ಗಾಡಿ ಜೊತೆ ಕೊಟ್ಟಿದ್ದ ಕಲ್ಟಿವೇಟರ್, ಟ್ರೇಲರ್ ಅವರ ಬಳಿ ಇದೆಯಾ ಅಂತಲೂ ಕೇಳಿ. ಮೂಲೆಯಲ್ಲಿ ಬಿದ್ದಿದ್ದರೆ ಎಷ್ಟೋ ಸಲ ಸುಮ್ನೆ ಕೊಟ್ಟುಬಿಡುತ್ತಾರೆ.

ಗಾಡಿ ಓಡುವ ಸ್ಥಿತಿಯಲ್ಲಿದ್ದರೆ, ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಬಾರದೆಂದು ಹೇಳಿಡಿ. ಹೋದವರೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಒದ್ದಾಡಿ ಎಬ್ಬಿಸಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿಯೇ ನಿಜವಾದ ಪರೀಕ್ಷೆ. ಕಪ್ಪು ಹೊಗೆಗೆ ಕಾರಣ ಏರ್ ಫಿಲ್ಟರ್, ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಅಥವಾ ಪಂಪ್ ಇರಬಹುದು, ಅದು ಸರಿಹೋಗುವ ಮಾತು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ, ಬೋರ್ ಕೆಲಸ (ಸವೆದ ಸಿಲಿಂಡರ್ ಸರಿಮಾಡಿಸುವುದು) ಹತ್ತಿರವಿದೆ. ಬಿಳಿ ಹೊಗೆ ಶುರುವಿನಲ್ಲಿ ಸಹಜ. ಬಿಸಿಯಾದ ಮೇಲೂ ಬರುತ್ತಿದ್ದರೆ, ಜೊತೆಗೆ ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿವೆ.

ಹೈಡ್ರಾಲಿಕ್ ನೋಡಲು ಕಲ್ಟಿವೇಟರ್ ಎತ್ತಿ ಎಂಜಿನ್ ನಿಲ್ಲಿಸಿ, ಟೀ ಕುಡಿದು ಬನ್ನಿ. ಅದು ನೆಲಕ್ಕೆ ಕೂತಿದ್ದರೆ ಒಳಗಿನ ಸೀಲ್ ಹೋಗಿವೆ. ಎತ್ತಿದ ಕಲ್ಟಿವೇಟರಿನ ಕೆಳಗೆ ಮಾತ್ರ ಕೈಕಾಲು ಹಾಕಬೇಡಿ. ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬುಷ್ಷಿನ ಆಟ ತಿಳಿಯುತ್ತದೆ. ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನೋಡಿ ನಂಬಬೇಡಿ, ಹಳೆ ಗಾಡಿಗಳಲ್ಲಿ ಅದು ಯಾವತ್ತೋ ನಿಂತಿರುತ್ತದೆ.

ಮನೆಗೆ ಬಂದ ಮೇಲೆ ಕೀ ತಿರುಗಿಸಬೇಡಿ

ನಿಂತೇ ಇದ್ದ ಗಾಡಿಯಾದರೆ ಲಾರಿಯಲ್ಲಿ ತನ್ನಿ. ಇನ್ನೊಂದು ಟ್ರಾಕ್ಟರಿಗೆ ಕಟ್ಟಿ ಎಳೆದು, ಗೇರಿಗೆ ಹಾಕಿ ಎಬ್ಬಿಸುವ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಕೇಳಿದರೆ ಹಳೆ ಗಾಡಿಗಳು ಹಾಳಾಗುವುದು ನಿಂತಿದ್ದಕ್ಕಿಂತ ಈ ಎಳೆದಾಟದಲ್ಲೇ ಜಾಸ್ತಿ. ಒಳಗೆ ರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಎಳೆದ ರಭಸಕ್ಕೆ ಪಿಸ್ಟನ್ ಮುರಿಯುತ್ತದೆ.

ಮೊದಲು ಬಾನೆಟ್ ಎತ್ತಿ. ಕಡಜದ ಗೂಡು ಇದೆಯಾ, ಹಾವು ಸೇರಿದೆಯಾ ಕೋಲು ಹಾಕಿ ನೋಡಿ. ಇಲಿ ವೈರ್ ಕಡಿದಿರುತ್ತದೆ, ಏರ್ ಕ್ಲೀನರಿನೊಳಗೆ ಹುಲ್ಲು ತುಂಬಿ ಮರಿ ಹಾಕಿರುತ್ತದೆ. ಆ ಕಸ ಎಂಜಿನ್ನಿಗೆ ಹೋದರೆ ಕಥೆ ಮುಗಿದಂತೆ. ಕ್ಲೀನರ್ ಆಯಿಲ್ ಬಾತ್ ಮಾದರಿಯದಾದರೆ (ಗಾಳಿಯ ಧೂಳನ್ನು ಆಯಿಲಿನಲ್ಲಿ ಹಿಡಿಯುವಂಥದು) ಬಟ್ಟಲು ಬಿಚ್ಚಿ, ಜಿಡ್ಡು ತೊಳೆದು, ಗೀಟಿನವರೆಗೆ ಹೊಸ ಆಯಿಲ್ ಹಾಕಿ.

ಎಂಜಿನ್ ಆಯಿಲ್ ಇಳಿಸುವ ಬೋಲ್ಟ್ ಸ್ವಲ್ಪ ಸಡಿಲಿಸಿ, ಮೊದಲು ಏನು ಬರುತ್ತದೆ ನೋಡಿ. ನೀರು ಬಂದರೆ, ಅಥವಾ ಹಾಲು ಬೆರೆಸಿದ ಟೀ ಬಣ್ಣದ ಆಯಿಲ್ ಬಂದರೆ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ಬರೀ ಕಪ್ಪಾಗಿದ್ದರೆ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ತುಂಬಿ. ಗೇರ್ ಬಾಕ್ಸ್ ಆಯಿಲನ್ನೂ ಹೀಗೇ ನೋಡಿ. ಗದ್ದೆ ಕೆಸರಿನಲ್ಲಿ ದುಡಿದ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಸೀಲ್ ದಾಟಿ ನೀರು ಸೇರಿರುವುದು ಮಾಮೂಲು.

ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಎರಡು ಪೂರ್ತಿ ಸುತ್ತು ಬಂದರೆ ಅರ್ಧ ಗೆದ್ದಿರಿ. ಬಾರದಿದ್ದರೆ ಉದ್ದ ಪೈಪ್ ಹಾಕಿ ಬಲ ಪ್ರಯೋಗಿಸಬೇಡಿ. ನಾಝಲ್ ಬಿಚ್ಚಿಸಿ ಪ್ರತಿ ಸಿಲಿಂಡರಿಗೆ ಒಂದಿಷ್ಟು ಡೀಸೆಲ್ ಮತ್ತು ತೆಳು ಆಯಿಲ್ ಬೆರೆಸಿ ಬಿಡಿ. ಕೆಲವು ದಿನ ನೆನೆಯಲಿ. ದಿನಾ ಒಮ್ಮೆ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಬಿಟ್ಟುಕೊಂಡ ಮೇಲೆ, ನಾಝಲ್ ಕೂರಿಸುವ ಮುಂಚೆ, ತಿರುಗಿಸಿ ತಿರುಗಿಸಿ ಒಳಗಿನ ದ್ರವವನ್ನೆಲ್ಲ ಹೊರಗೆ ಹಾಕಲೇಬೇಕು. ಸಿಲಿಂಡರಿನೊಳಗೆ ಅದು ಉಳಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ತಳದಲ್ಲಿ ನೀರು, ತುಕ್ಕು, ಕಪ್ಪು ಲೋಳೆ ಇರುತ್ತದೆ. ತೊಳೆದು, ಫಿಲ್ಟರ್ ಬದಲಿಸಿ, ಹೊಸ ಡೀಸೆಲ್ ಹಾಕಿ. ಈಗ ಲೈನಿನಲ್ಲಿ ಗಾಳಿ ತುಂಬಿರುತ್ತದೆ, ಅದನ್ನು ತೆಗೆಯಬೇಕು. ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಡೀಸೆಲ್ ಬಿಡಿ. ಶುರುವಿಗೆ ಬರೀ ನೊರೆ. ಆಮೇಲೆ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತದೆ. ಗುಳ್ಳೆ ನಿಂತು ಡೀಸೆಲ್ ಒಂದೇ ಎಳೆಯಾಗಿ ಇಳಿದಾಗ ಸ್ಕ್ರೂ ಬಿಗಿ ಮಾಡಿ. ನಂತರ ಪಂಪಿನ ಸ್ಕ್ರೂ, ಕೊನೆಗೆ ನಾಝಲ್ ಪೈಪಿನ ನಟ್. ಈ ಕ್ರಮ ತಪ್ಪಿದರೆ ಇಡೀ ದಿನ ಸೆಲ್ಫ್ ಹೊಡೆದರೂ ಗಾಡಿ ಏಳುವುದಿಲ್ಲ. ನಾಝಲ್ ಸಿಡಿಸುವಾಗ ಎದುರಿಗೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ, ಅದು ಆಪರೇಷನ್ ಮಾಡಬೇಕಾಗುವಂಥ ಗಾಯ.

ರೇಡಿಯೇಟರ್ ತೊಳೆದು ಕೂಲಂಟ್ ಹಾಕಿ, ಬಿರುಕು ಬಿಟ್ಟ ಹೋಸ್ ಪೈಪ್, ಫ್ಯಾನ್ ಬೆಲ್ಟ್ ಬದಲಿಸಿ. ಬ್ರೇಕ್ ಹಿಡಿಯುತ್ತದಾ ನೋಡಿ. ಬ್ಯಾಟರಿ ಹೊಸದೇ ಬೇಕು, ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಮೊದಲ ಸ್ಟಾರ್ಟ್

ಬಯಲಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದ ಕಡೆ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡೀಸೆಲ್ ತಡೆಯುವ ಸ್ಟಾಪ್ ಎಳೆದುಕೊಂಡೇ ಸ್ವಲ್ಪ ಹೊತ್ತು, ಬಿಟ್ಟು ಬಿಟ್ಟು, ಸೆಲ್ಫ್ ಹೊಡೆಯಿರಿ. ಆಯಿಲ್ ಮೇಲಕ್ಕೇರಿ ಆಯಿಲ್ ಒತ್ತಡದ ಕೆಂಪು ದೀಪ ಆರಿದ ಮೇಲೆ ಸ್ಟಾಪ್ ಬಿಟ್ಟು ಎಬ್ಬಿಸಿ. ಪಕ್ಕದಲ್ಲೊಬ್ಬರು ಚಪ್ಪಟೆ ಹಲಗೆ ಹಿಡಿದು ನಿಂತಿರಲಿ. ನಿಂತು ನಿಂತು ಪಂಪಿನಲ್ಲಿ ಡೀಸೆಲ್ ಪ್ರಮಾಣ ಹಿಡಿತದಲ್ಲಿಡುವ ರ‍್ಯಾಕ್ ಜಾಮ್ ಆಗಿದ್ದರೆ ಎಂಜಿನ್ ಒಮ್ಮೆಲೇ ರೇಸ್ ಆಗಿ ಸ್ಟಾಪಿಗೂ ಬಗ್ಗುವುದಿಲ್ಲ. ಆಗ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿದರೆ ಮಾತ್ರ ನಿಲ್ಲುತ್ತದೆ. ಅಂಗೈ ಒತ್ತಲು ಹೋಗಬೇಡಿ.

ಕ್ಲಚ್ ತುಳಿದರೂ ಗೇರ್ ಕರಕರ ಅಂದರೆ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿದೆ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಪೆಡಲ್ ಪೂರ್ತಿ ಒತ್ತಿ ಮರದ ತುಂಡು ಕೊಟ್ಟು ರಾತ್ರಿಯಿಡೀ ಬಿಡಿ. ಕೆಲವೊಮ್ಮೆ ಬಿಡುತ್ತದೆ. ಇಲ್ಲವೆಂದರೆ ಗಾಡಿ ಬಿಚ್ಚಿ ಎರಡು ಭಾಗ ಮಾಡಬೇಕು, ಅದು ಗ್ಯಾರೇಜಿನ ಕೆಲಸ.

ಪಂಪ್ ಮತ್ತು ನಾಝಲ್ ಕೆಲಸವನ್ನು ಡೀಸೆಲ್ ಪಂಪ್ ಸರ್ವೀಸಿನವರಲ್ಲೇ, ಯಂತ್ರಕ್ಕೆ ಹಾಕಿ ಮಾಡಿಸಿ. ಬುಷ್, ಪಿನ್ನುಗಳನ್ನು ಊರಿನ ಲೇಥಿನವರು ಅಳತೆ ಹಿಡಿದು ಮಾಡಿಕೊಡುತ್ತಾರೆ. ಕಂಪನಿ ಡೀಲರ್ ಬಳಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಬಹುದು. ಹೋಗುವಾಗ ಹಳೆ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಮೊಬೈಲ್ ಫೋಟೊ ನೋಡಿ ಕೊಟ್ಟ ಸೀಲ್ ಅಳತೆಗೆ ಕೂರುವುದು ಅಪರೂಪ.

ಎದ್ದ ಗಾಡಿಗೆ ತಕ್ಷಣ ರೋಟವೇಟರ್ ಹಾಕಬೇಡಿ. ಶುರುವಿಗೆ ಖಾಲಿ ಓಡಾಟ, ಆಮೇಲೆ ಹದವಾದ ನೆಲದಲ್ಲಿ ಕಲ್ಟಿವೇಟರ್. ಸುಮಾರು 50 ಗಂಟೆ ದುಡಿದ ಮೇಲೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿ, ಒಳಗಿನ ಹಳೆ ಕೊಳೆ ಆಗಲೇ ಹೊರಬರುವುದು.

ಬಣ್ಣದ ಕೆಲಸ ಎಲ್ಲಕ್ಕಿಂತ ಕೊನೆಗೆ. ಆಯುಧ ಪೂಜೆ ಹತ್ತಿರ ಬಂತೆಂದು ಮೊದಲೇ ಬಳಿದರೆ ಯಾವ ಸೀಲಿನಿಂದ ಆಯಿಲ್ ಸೋರುತ್ತಿದೆ ಅಂತ ಹುಡುಕಲು ಅದೇ ಬಣ್ಣ ಕೆರೆಯಬೇಕಾಗುತ್ತದೆ. ಒಂದು ಮಳೆಗಾಲ ದುಡಿಸಿ ನೋಡಿ ಬಳಿಸಿ. ಆಗಲೂ ಚಾಸಿ ನಂಬರ್, ಎಂಜಿನ್ ನಂಬರ್ ಇರುವ ಜಾಗಕ್ಕೆ ಟೇಪ್ ಅಂಟಿಸಿ ಎಂದು ಪೇಂಟರಿಗೆ ಹೇಳಿ. ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಮೊದಲು ಬಗ್ಗಿ ನೋಡುವುದು ಅಲ್ಲಿಗೇ.