ಮೊಣಕಾಲಿನಿಂದ ಕೆಳಗೆ: ಬೆಲ್ ಬಾಟಮ್ ಮತ್ತೆ ಹೊಲಿದ ನನ್ನ ಅನುಭವ

ದಾವಣಗೆರೆಯ ಚೌಕಿಪೇಟೆಯ ಸಮೀಪವಿರುವ ನನ್ನ ಹೊಲಿಗೆ ಅಂಗಡಿಗೆ ಈಗ ಬೆಲ್ ಬಾಟಮ್, ಅಂದರೆ ಮೊಣಕಾಲಿನಿಂದ ಕೆಳಗೆ ಗಂಟೆಯಂತೆ ಅಗಲವಾಗುವ ಪ್ಯಾಂಟು ಹೊಲಿಸಲು ಬರುವವರು ಪಿಯುಸಿ ಓದುವ ಹುಡುಗ ಹುಡುಗಿಯರು. ಅವರಲ್ಲಿ ಹಲವರು ಅಜ್ಜನ ಕಪ್ಪು-ಬಿಳುಪು ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ, ಅದರಲ್ಲಿರುವಂಥದ್ದೇ ಬೇಕೆಂದು ಕೇಳುತ್ತಾರೆ. ಆ ಫೋಟೊಗಳನ್ನು ತೆಗೆದ 1970ರ ದಶಕದಲ್ಲಿ ನಾನು ಇದೇ ಊರಿನ ಒಂದು ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಹುಡುಗನಾಗಿದ್ದೆ.

ನಾವಿಕರ ಉಡುಪಾಗಿದ್ದ ಈ ಪ್ಯಾಂಟನ್ನು 1960ರ ದಶಕದಲ್ಲಿ ಅಮೆರಿಕದ ತರುಣರು ಸೇನೆಯ ಹಳೆಯ ದಾಸ್ತಾನು ಮಾರುವ ಅಂಗಡಿಗಳಿಂದ ಕೊಂಡು, ಹಿರಿಯರ ಅಚ್ಚುಕಟ್ಟಾದ ಸೂಟಿಗೆ ಎದುರಾಗಿ ತೊಟ್ಟರು. ನಮ್ಮಲ್ಲಿಗೆ ಅದು ಸಿನಿಮಾ ಪರದೆಯಿಂದ ಇಳಿದು ಬಂದಿತು. ಹತ್ತಿ ಗಿರಣಿಗಳ ಊರಿನಲ್ಲಿ, ಪಂಚೆ ಉಟ್ಟ ತಂದೆಯ ಎದುರು ಟೆರಿಲಿನ್ ಎಂಬ ಕೃತಕ ನೂಲಿನ ಬಟ್ಟೆಯ ಬೆಲ್ ಬಾಟಮ್ ತೊಟ್ಟು ನಿಲ್ಲುವುದೇ ಉದ್ಧಟತನವೆನಿಸುತ್ತಿತ್ತು. ಬೀದಿ ಗುಡಿಸಲು ಇನ್ನು ಪೊರಕೆ ಬೇಡವೆಂದು ಹಿರಿಯರು ಹಂಗಿಸುತ್ತಿದ್ದರು. ಅಂದು ಹಂಗಿಸಿಕೊಂಡವರೇ ಇಂದು ಮೊಮ್ಮಗನೊಂದಿಗೆ ಬಂದು ಕುಳಿತು, ಬಾಟಮ್ (ಕಾಲಿನ ಕೆಳತುದಿಯ ಅಗಲ) ಇನ್ನೆರಡು ಇಂಚು ಬಿಡಿ ಎಂದು ನನಗೇ ಹೇಳಿಕೊಡುತ್ತಾರೆ. ಹಾಗಾದರೆ ಈ ಮಕ್ಕಳ ಬಂಡಾಯ ಯಾರ ಮೇಲೆ? ಪೆನ್ಸಿಲ್ ಫಿಟ್ ಜೀನ್ಸಿನ ಅಣ್ಣಂದಿರ ಮೇಲೆ ಎಂಬುದು ನನ್ನ ಅಂದಾಜು. ಅಣ್ಣ ನಕ್ಕಷ್ಟೂ ತಮ್ಮ ಅಗಲ ಹೆಚ್ಚಿಸುತ್ತಾನೆ.

ಹೊಲಿಯುವಾಗ ಮೊದಲು ನೋಡಬೇಕಾದದ್ದು ಬಟ್ಟೆ. ಲೈಕ್ರಾ ಬೆರೆತ, ಎಳೆದರೆ ಹಿಗ್ಗುವ ಬಟ್ಟೆ ತೊಡೆಗೆ ಹಿತವಾದರೂ ಮೊಣಕಾಲಿನ ಕೆಳಗೆ ಜೋಲುತ್ತದೆ. ಒತ್ತಾಗಿ ನೇಯ್ದ ಗ್ಯಾಬರ್ಡೀನ್ ಅಥವಾ ದಪ್ಪ ಡೆನಿಮ್ ಆದರೆ ಅಗಲ ನೆಟ್ಟಗೆ ನಿಲ್ಲುತ್ತದೆ. 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಒಂದು ತುಂಡನ್ನು ನೇರವಾಗಿಯೂ ಪಕ್ಕದ್ದನ್ನು ತಲೆಕೆಳಗಾಗಿಯೂ ಇಟ್ಟು ಕತ್ತರಿಸಿದರೆ, ಒಂದರ ಅಗಲವಾದ ಬಾಟಮ್ ಇನ್ನೊಂದರ ಕಿರಿದಾದ ಮೊಣಕಾಲಿನ ಬದಿಗೆ ಕೂತು ಬಟ್ಟೆ ಉಳಿಯುತ್ತದೆ. ಕಾರ್ಡುರಾಯ್‌ನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಏಕೆಂದರೆ ಮಖಮಲ್ಲಿನಂಥ ಆ ಬಟ್ಟೆಯ ಜುಂಗು (ಮೇಲೆದ್ದ ನೂಲೆಳೆ) ಒಂದೇ ದಿಕ್ಕಿಗೆ ಮಲಗಿರುವುದರಿಂದ ತಿರುಗಿಸಿ ಕತ್ತರಿಸಿದ ತುಂಡು ಬೇರೆ ಬಣ್ಣದಂತೆ ಕಾಣುತ್ತದೆ. ಆದ್ದರಿಂದ ಕಾರ್ಡುರಾಯ್ ಕೇಳುವವರಿಗೆ ಹೆಚ್ಚು ಬಟ್ಟೆ ತರಲು ಮೊದಲೇ ತಿಳಿಸುತ್ತೇನೆ.

ಮೊಣಕಾಲಿನ ಗುರುತನ್ನು ನಿಜವಾದ ಮೊಣಕಾಲಿಗಿಂತ ಎರಡು ಇಂಚು ಮೇಲೆ ಹಾಕುತ್ತೇನೆ. ಅಲ್ಲಿಂದ ಅಗಲ ಹೊರಟರೆ ಕಾಲು ಉದ್ದವಾಗಿ ಕಾಣುತ್ತದೆ. ಬಾಟಮ್ ಸುತ್ತಳತೆ 26 ಇಂಚಿದ್ದರೆ ಸಾಮಾನ್ಯವಾಗಿ ಸಾಕು. ಹೆಚ್ಚಿಸುವ ಅಗಲವನ್ನು ಇಸ್ತ್ರಿ ಗೆರೆಯ ಎರಡೂ ಬದಿಗೆ ಸಮನಾಗಿ ಹಂಚದಿದ್ದರೆ ನಡೆಯುವಾಗ ಕಾಲು ತಿರುಚಿಕೊಳ್ಳುತ್ತದೆ. ಮಡಿಕೆಗೆ ಬಿಡುವ ಬಟ್ಟೆಯನ್ನು ಅದೇ ಓಟದಲ್ಲಿ ಹೊರಕ್ಕೆ ಚಾಚಿ ಕತ್ತರಿಸಬಾರದು. ಮಡಿಸುವ ಗೆರೆಯಿಂದ ಕೆಳಗೆ ಅದು ಒಳಕ್ಕೆ ಬರಬೇಕು, ಇಲ್ಲವಾದರೆ ಮೇಲಕ್ಕೆ ಮಡಿಸಿದಾಗ ಅಂಚು ಉದ್ದವಾಗಿ ಸುಕ್ಕು ಬೀಳುತ್ತದೆ. ಮುಂಭಾಗಕ್ಕಿಂತ ಹಿಂಭಾಗವನ್ನು ಅರ್ಧ ಇಂಚು ಇಳಿಸಿದರೆ ಶೂ ಮೇಲೆ ಸರಿಯಾಗಿ ಕೂರುತ್ತದೆ.

ಹಿಂದೆ ನಾನಿದ್ದ ಅಂಗಡಿಗೆ ಪ್ಯಾಂಟಿನ ಅಳತೆ ಕೊಡಲು ಹುಡುಗಿಯರು ಬಂದದ್ದನ್ನು ಕಂಡಿಲ್ಲ. ಈಗ ಅವರದೇ ಹೆಚ್ಚು ತಕರಾರು, ಅದರಲ್ಲೂ ಜೇಬಿನ ಬಗ್ಗೆ. ತೊಡೆ ಬಿಗಿಯಾಗಿರುವಲ್ಲಿ ಮುಂದಿನ ಜೇಬಿಗೆ ಮೊಬೈಲ್ ಇಟ್ಟರೆ ಉಬ್ಬುತ್ತದೆ ಎಂದು ವಿವರಿಸಿ, ಹಿಂದೆ ಆಳವಾದ ಜೇಬು ಇಡುತ್ತೇನೆ.

ನೆಲಕ್ಕೆ ಉಜ್ಜಿ ಅಂಚು ಸವೆಯದಿರಲೆಂದು ಅಂದಿನ ಟೈಲರುಗಳು ಹಿತ್ತಾಳೆ ಹಲ್ಲಿನ ಜಿಪ್ಪಿನ ಒಂದು ಪಟ್ಟಿಯನ್ನು ಬಾಟಮ್ ಒಳಗೆ ಸುತ್ತಲೂ ಹೊಲಿಯುತ್ತಿದ್ದರು. ಅದರ ಭಾರಕ್ಕೆ ಪ್ಯಾಂಟು ಚೆನ್ನಾಗಿ ಇಳಿಬೀಳುತ್ತಲೂ ಇತ್ತು. ಅಜ್ಜಂದಿರು ಇದನ್ನು ಮರೆಯದೆ ಕೇಳುತ್ತಾರೆ. ನೈಲಾನ್ ಜಿಪ್ಪು ಅಂಚನ್ನು ಕಾಯುತ್ತದೆಯೇ ಹೊರತು ಭಾರ ಕೊಡುವುದಿಲ್ಲವಾದ್ದರಿಂದ ನಾನು ಹಿತ್ತಾಳೆಯದನ್ನೇ ಹುಡುಕಿ ತಂದು ಹಚ್ಚುತ್ತೇನೆ, ಅದಕ್ಕೆ ಬೇರೆ ಕೂಲಿಯನ್ನೂ ಪಡೆಯುತ್ತೇನೆ.